ಠಾಸಣಿ ಬಂದೂಕಿಗೊಂದು ಬಿದ್ರಿ ಮುಚ್ಚಳ

ನೌಬಾದ, ಹೊರಡುವ ಮುಂಚೆ

ಬೇರೆಯವರು ಅಮೇರಿಕಾಕ್ಕೆ ಹೋಗುವಾಗ ಉಪ್ಪಿನಕಾಯಿ ಒಯ್ಯುತ್ತಾರೆ. ನಾನು ಮಣ್ಣು ಒಯ್ದೆ. ನಗಬೇಡ್ರಿ, ಆ ಮಣ್ಣು ಇಲ್ಲದೆ ನನ್ನ ಕಸುಬೇ ಇಲ್ಲ.

ನಾನು ಬಿದ್ರಿ ಕೆಲಸದವನು, ಮನೆ ಬೀದರಿನ ನೌಬಾದದಲ್ಲಿ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ಬೀದರ್ ಹಳೇ ಪಟ್ಟಣದ ಒಂದು ಕಾರ್ಖಾನೆಯಲ್ಲಿ ಉಸ್ತಾದರ ಎದುರು ಕುಳಿತವನು, ಇವತ್ತಿಗೂ ಚಾಣ ಕೆಳಗೆ ಇಟ್ಟಿಲ್ಲ. ಸತುವಿನ ಮೇಲೆ ಗೆರೆ ಕೊರೆಯುವುದು, ಆ ಗೆರೆಯೊಳಗೆ ಬೆಳ್ಳಿ ತಂತಿ ಬಡಿದು ಕೂಡಿಸುವುದು, ಆಮೇಲೆ ಬೀದರ್ ಕೋಟೆಯ ಮಣ್ಣನ್ನು ನವಸಾಗರವೆಂಬ ಉಪ್ಪಿನ ಜೊತೆ ನೀರಲ್ಲಿ ಕುದಿಸಿ ಸಾಮಾನು ಅದರಲ್ಲಿ ಅದ್ದುವುದು. ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಅದೇ ಬಿದ್ರಿ. ಎಲ್ಲ ಮಣ್ಣಿಗೂ ಆ ಗುಣ ಇಲ್ಲ. ಬಿಸಿಲು, ಮಳೆ ಕಾಣದೆ ಎಷ್ಟೋ ಕಾಲ ಗೋಡೆಯ ಕೆಳಗೆ ಬಿದ್ದಿರುವ ಮಣ್ಣೇ ಆಗಬೇಕು.

ಹೈದರಾಬಾದಿನ ಒಂದು ಪ್ರದರ್ಶನದಲ್ಲಿ ನನ್ನ ಅಂಗಡಿಗೆ ಒಬ್ಬ ಅಮೇರಿಕಾದ ಹೆಣ್ಣುಮಗಳು ಬಂದಳು. ಹೆಸರು ಮೆಗ್. ಒಂದು ಡಬ್ಬಿಯನ್ನು ಕೈಗೆತ್ತಿಕೊಂಡು ಮುಚ್ಚಳ ತೆಗೆದಳು, ಹಾಕಿದಳು, ತೆಗೆದಳು, ಹಾಕಿದಳು. ಆಮೇಲೆ ಫೋನಿನಲ್ಲಿ ಒಂದು ಬಂದೂಕಿನ ಚಿತ್ರ ತೋರಿಸಿದಳು. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗುಂಡಿಗೆ ಬಟ್ಟೆ ಸುತ್ತಿ, ಕೋಲಿನಿಂದ ಠಾಸಿ ಹೊಡೆಯುವ ಹಳೇ ಕಾಲದ್ದು. ನಮ್ಮ ಕಡೆ ಅದಕ್ಕೆ ಠಾಸಣಿ ಬಂದೂಕು ಅಂತೀವಿ. ಅದರ ಮರದ ಹಿಡಿಯಲ್ಲಿ ಒಂದು ಸಣ್ಣ ಗೂಡು, ಎಣ್ಣೆ ಬಟ್ಟೆಯ ತುಂಡು ಇಡುವುದಕ್ಕೆ. ಆ ಗೂಡಿಗೆ ಬಿದ್ರಿ ಮುಚ್ಚಳ ಬೇಕು ಎಂಬುದು ಅವಳ ಆಸೆ. ಎಷ್ಟೋ ವರ್ಷದ ಹಿಂದೆ ಬಾಗಿಲು ಹಾಕಿದ ಒಂದು ಹೆಸರಾಂತ ಬಂದೂಕು ಕಾರ್ಖಾನೆಯನ್ನು ಅವಳೂ ಅವಳ ತಂದೆಯೂ ಮತ್ತೆ ತೆರೆಯುವುದಕ್ಕೆ ಹೊರಟಿದ್ದರು. ಮೊದಲನೆಯ ಬಂದೂಕಿಗೆ ನನ್ನ ಮುಚ್ಚಳ.

ನನ್ನ ಹೆಂಡತಿ ಸುಲೋಚನಾ ಭಾಲ್ಕಿಯ ಒಂದು ದವಾಖಾನೆಯಲ್ಲಿ ನರ್ಸು. ಸುದ್ದಿ ಕೇಳಿ, "ಕರದಾರ ಅಂದ್ರ ಹೋಗ್ರಿ. ಆದ್ರ ಅಲ್ಲಿ ಹೋಗಿ ಜಗಳಾ ತಗೀಬ್ಯಾಡ್ರಿ," ಅಂದಳು. ಆಕೆಯ ತಮ್ಮ ಜಯರಾಜ ಔರಾದ ತಾಲೂಕಿನ ಎಕಂಬಾದಲ್ಲಿ ಒಕ್ಕಲುತನ ಮಾಡುತ್ತಾನೆ. ತೊಗರಿ ಹೊಲಕ್ಕೆ ನುಗ್ಗುವ ಹಂದಿ ಬೆದರಿಸಲು ಅವನ ಮನೆಯಲ್ಲಿ ಲೈಸನ್ಸಿನ ಠಾಸಣಿ ಬಂದೂಕು ಒಂದು ಇದೆ. ಅವನಿಗಂತೂ ನಗುವೋ ನಗು.

"ಭಾವಾ, ಅವರ ಹತ್ರ ರಾಕೇಟ್ ಅವ. ಈ ಢಂ-ಢುಸ್ ಯಾಕ ಬೇಕು ಅವರಿಗಿ?"

"ನಿನಗ ಟ್ರ್ಯಾಕ್ಟರ್ ಅದ. ಎತ್ತು ಯಾಕ ಕಟ್ಟಿದಿ?"

"ಎತ್ತು ಚಂದ ಇರ್ತದ, ಭಾವಾ."

"ಹಾಂ, ಅದಕ್ಕೇ."

ಮುಚ್ಚಳವನ್ನು ಎರಕ ಹೊಯ್ದು, ಓಕ್ ಮರದ ಎಲೆಗಳನ್ನು ಬೆಳ್ಳಿಯಲ್ಲಿ ಕೂಡಿಸಿದೆ. ಕಪ್ಪು ಮಾತ್ರ ಹಚ್ಚಲಿಲ್ಲ. ಅದು ಮರದಲ್ಲಿ ಕೂತು, ಅಂಚು ಉಜ್ಜಿ, ಮಟ್ಟವಾದ ಮೇಲೆಯೇ ಕಪ್ಪು. ಮೊದಲೇ ಹಚ್ಚಿದರೆ ಉಜ್ಜುವಾಗ ಹೋಗಿಬಿಡುತ್ತದೆ. ಹೀಗಾಗಿ ನಾನೂ ಹೋಗಬೇಕಾಯಿತು, ಮಣ್ಣೂ ಹೋಗಬೇಕಾಯಿತು.

ವಿಮಾನ ನಿಲ್ದಾಣ

ಅಮೇರಿಕಾದಲ್ಲಿ ಇಳಿದ ಕೂಡಲೇ ಒಂದು ನಾಯಿ ಬಂತು. ನನ್ನ ಪೆಟ್ಟಿಗೆಯ ಮುಂದೆ ಶಿಸ್ತಾಗಿ ಕುಳಿತುಬಿಟ್ಟಿತು. ನಮ್ಮ ಓಣಿಯ ನಾಯಿಗಳಿಗೆ ಇಂಥ ನಡತೆ ಕಲಿಸುವುದು ಆಗದ ಮಾತು ಅಂತ ನಾನು ಮೆಚ್ಚಿಕೊಂಡು ನಿಂತಿದ್ದಾಗ ಒಬ್ಬ ಅಧಿಕಾರಿ ಬಂದು ಪೆಟ್ಟಿಗೆ ತೆಗೆಸಿದ. ಸುಲೋಚನಾ ಕೊಟ್ಟ ಶೇಂಗಾ ಹಿಂಡಿ ಮೂಸಿ ನೋಡಿ ವಾಪಸು ಇಟ್ಟ. ಖಡಕ್ ರೊಟ್ಟಿ ತಟ್ಟಿ ನೋಡಿದ, ಟಕಟಕ ಅಂದಿತು, ಬಿಟ್ಟ. ಆಮೇಲೆ ಮಣ್ಣಿನ ಚೀಲ.

"ಇದೇನು?"

ಪ್ರದರ್ಶನಗಳಲ್ಲಿ ಮಾರಿ ಮಾರಿ ನನಗೆ ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷು ಬಂದಿದೆ. ಇಲ್ಲಿ ಅವರ ಮಾತನ್ನೆಲ್ಲ ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಮಣ್ಣು ಸಾಹೇಬರ."

"ಎಲ್ಲಿಯದು?"

"ಬೀದರ ಕೋಟೆದು."

"ಮಣ್ಣು ಯಾಕೆ ತಂದಿ?"

"ಕಪ್ಪು ಮಾಡ್ಲಿಕ್ಕಿ."

ಅವನು ಇನ್ನೊಬ್ಬನನ್ನು ಕರೆದ. ಇವರಿಗೆ ಇದು ಅಮಲಿನ ಪುಡಿ ಅಂತ ಸಂಶಯ ಬಂದಿರಬೇಕು ಅಂದುಕೊಂಡೆ. ಸಂಶಯ ತೀರಿಸಬೇಕಲ್ಲ? ನಮ್ಮಲ್ಲಿ ಮಣ್ಣಿನ ಪರೀಕ್ಷೆ ನಾಲಗೆಯಲ್ಲೇ. ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡೆ. "ನೋಡ್ರಿ, ಚೊಲೋ ಅದ. ನೀವೂ ನೋಡ್ರಿ," ಅಂತ ಚೀಲ ಅವರತ್ತ ಹಿಡಿದೆ. ಇಬ್ಬರೂ ಹಿಂದೆ ಸರಿದರು. ನಾಯಿಯೂ ಸರಿಯಿತು.

ಅವರ ದೇಶದೊಳಗೆ ಹೊರಗಿನ ಮಣ್ಣು ಬರಕೂಡದಂತೆ. ಮಣ್ಣಿನಲ್ಲಿ ಹುಳ, ರೋಗ ಬರುತ್ತವಂತೆ. ನನಗೆ ಗೊತ್ತಿರಲಿಲ್ಲ, ಹೇಳುವವರೂ ಇರಲಿಲ್ಲ. ಅಧಿಕಾರಿ ಒಳ್ಳೆಯವನೇ. ಚೀಲವನ್ನು ಹಳದಿ ಡಬ್ಬಿಗೆ ಹಾಕುವಾಗ "ಸಾರಿ" ಅಂದ. ನಾನು ಆ ಡಬ್ಬಿಯನ್ನೇ ನೋಡುತ್ತ ನಿಂತೆ. ಹಿಂದಿನವರು "ಮುಂದ ನಡೀರಿ" ಅಂದರು.

ಹೊರಗೆ ಮೆಗ್ ಕಾಯುತ್ತಿದ್ದಳು. ವಿಷಯ ಹೇಳಿದೆ. ಗಾಡಿಯ ಸ್ಟೇರಿಂಗು ಹಿಡಿದು ನನ್ನತ್ತ ತಿರುಗಿದಳು. "ಏನು ಮಾಡೋದು?"

"ನಿಮ್ಮ ದೇಶದಾಗ ಮಣ್ಣು ಇಲ್ಲೇನ್ರಿ?" ಅಂದೆ. ಗಟ್ಟಿಯಾಗಿಯೇ ಅಂದೆ. ಕಣ್ಣು ಮಾತ್ರ ಆಗಲೇ ಕಿಟಕಿಯಾಚೆ ರಸ್ತೆ ಬದಿಯ ಮಣ್ಣು ಹುಡುಕುತ್ತಿತ್ತು.

ಕಾರ್ಖಾನೆ

ಪೆನ್ಸಿಲ್ವೇನಿಯಾದ ಗುಡ್ಡಗಳ ನಡುವೆ ಒಂದು ಸಣ್ಣ ಊರು. ನಮ್ಮ ಕಡೆಯ ಕಮಲನಗರದಷ್ಟು ಇದ್ದೀತು, ಸಂತೆಯ ಗದ್ದಲ ಇಲ್ಲ ಅಷ್ಟೇ. ರಸ್ತೆಯಲ್ಲಿ ಎದುರಾದ ಪ್ರತಿ ಗಾಡಿಯವನೂ ಕೈ ಎತ್ತುತ್ತಾನೆ. ಗುರುತಿನವರೇನು ಅಂತ ಕೇಳಿದರೆ ಮೆಗ್, "ಯಾರೋ ಗೊತ್ತಿಲ್ಲ" ಅನ್ನುತ್ತಾಳೆ. ನಮ್ಮಲ್ಲಿ ಗೊತ್ತಿಲ್ಲದವನು ಕೈ ಎತ್ತಿದರೆ ಲಿಫ್ಟ್ ಕೇಳುತ್ತಿದ್ದಾನೆ ಅಂತ ಅರ್ಥ.

ಹಳ್ಳದ ದಂಡೆಗೆ ಇಟ್ಟಂಗಿಯ ಉದ್ದನೆ ಕಟ್ಟಡ. ಒಳಗೆ ಎಣ್ಣೆ ಬಳಿದು ಮುಚ್ಚಿಟ್ಟಿದ್ದ ಹಳೇ ಯಂತ್ರಗಳನ್ನು ಒಂದೊಂದಾಗಿ ತೊಳೆದು ನಿಲ್ಲಿಸಿದ್ದರು. ಮೆಗ್‌ಳ ತಂದೆ ಹಾರ್ಲನ್ ಅಲ್ಲಿಯೇ ನಳಿಗೆ ಕೊರೆಯುತ್ತ ವಯಸ್ಸು ಕಳೆದವನು. ಎತ್ತರದ ಆಳು. ಬಂದೂಕಿನ ಸದ್ದಿಗೆ ಕಿವಿ ಹೋಗಿದೆ, ಅದಕ್ಕೆ ಯಾವಾಗಲೂ ಕೂಗಿಯೇ ಮಾತು. ನನಗೆ ಅದು ಅನುಕೂಲವಾಯಿತು. ನಮ್ಮ ಮನೆಯಲ್ಲೂ ಎಲ್ಲರೂ ಕೂಗಿಯೇ ಮಾತಾಡೋದು.

ಮಧ್ಯಾಹ್ನ ಅವರವರ ಡಬ್ಬಿ ಅವರವರು ಬಿಚ್ಚಿ, ಅವರವರೇ ತಿಂದು ಮುಚ್ಚುತ್ತಾರೆ. "ಬರ್ರಿ ಉಣ್ಣೋಣು" ಎಂಬ ಮಾತಿಲ್ಲ. ನನಗೆ ಹಾಗೆ ಒಬ್ಬನೇ ಉಣ್ಣಲು ಬರುವುದಿಲ್ಲ. ರೊಟ್ಟಿ ಮುರಿದು, ಮೇಲೆ ಶೇಂಗಾ ಹಿಂಡಿ ಹಾಕಿ ಹಾರ್ಲನ್‌ನ ಕೈಗೆ ಕೊಟ್ಟೆ. ಅವನು ತಿಂದ, ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. "ಇದು ಮದ್ದಿಗಿಂತ ಜೋರ್ ಅದ!" ಅಂತ ಕೂಗಿ ಇನ್ನೊಂದು ತುಂಡಿಗೆ ಕೈ ಚಾಚಿದ.

ತಿನ್ನುತ್ತಲೇ ಅಸಲಿ ಮಾತು ಹೇಳಿದ. ಯಂತ್ರ ಇವೆ, ಹೆಸರು ಇದೆ, ಕಲಿಯಲು ಬಂದ ಹೊಸ ಹುಡುಗ ಹುಡುಗಿಯರೂ ಇದ್ದಾರೆ. ಇಲ್ಲದ್ದು ಒಂದೇ, ಎಡ್ನಾ. ಮರದ ಹಿಡಿಯನ್ನು ಕೆತ್ತಿ ಅದರಲ್ಲಿ ಲೋಹ ಕೂಡಿಸುವ ಕೆಲಸದಲ್ಲಿ ಆಕೆಯನ್ನು ಮೀರಿಸುವವರು ಇರಲಿಲ್ಲ. ಹಿಂದಿನ ಮಾಲೀಕರು ಗೇಟಿಗೆ ಒಂದು ನೋಟೀಸು ಅಂಟಿಸಿ ಕಾರ್ಖಾನೆ ಮುಚ್ಚಿದ ದಿನ, ಆಕೆ ಕೆಲಸದ ಅಂಗಿ ಕಳಚಿ ಗೇಟಿಗೆ ತೂಗುಹಾಕಿ, ಇನ್ನು ಇಲ್ಲಿ ಕಾಲಿಡುವುದಿಲ್ಲ ಅಂತ ಹೋದವಳು.

"ಎಲ್ಲಿರ್ತಾಳ ಈಗ?" ಅಂದೆ.

ಹಾರ್ಲನ್ ಕಿಟಕಿಯತ್ತ ಗದ್ದ ಎತ್ತಿದ. ರಸ್ತೆಯ ಆಚೆ ಬಿಳಿ ಮನೆ. ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು ಒಬ್ಬ ಮುದುಕಿ ಈ ಕಡೆಗೇ ನೋಡುತ್ತ ಕುಳಿತಿದ್ದಳು.

"ದಿನಾ ನೋಡ್ತಾಳ. ರಸ್ತಿ ದಾಟೂದಿಲ್ಲ. ಮುಂದಿನ ವಾರ ಶನಿವಾರ ಹಳೇ ಕೆಲಸಗಾರರೆಲ್ಲ ಅಂಗಳಕ್ಕ ಬರ್ತಾರ. ಮೊದಲನೇ ಬಂದೂಕು ತೋರಿಸ್ತೀವಿ. ಆಕಿ ಮೆಚ್ಚಿ ವಾಪಸ್ ಬಂದರ ಉಳಿದವರೂ ಬಂದು ಹೊಸಬರಿಗೆ ಕಲಿಸ್ತಾರ. ಬರಲಿಲ್ಲಂದ್ರ ಈ ಯಂತ್ರ ಮ್ಯೂಸಿಯಮ್ಮಿಗಿ ಹೋಗ್ತಾವ."

ಹಿಡಿಯನ್ನು ಹಾರ್ಲನ್ ತಾನೇ ಕೆತ್ತಿದ್ದ, ಮುಚ್ಚಳವನ್ನು ನಾವಿಬ್ಬರೂ ಸೇರಿ ಕೂಡಿಸಿದೆವು. ಕೀಲು ಹಿತ್ತಾಳೆಯದು, ಮರ ಮೇಪಲ್ ಎಂಬ ಜಾತಿಯದು, ನಮ್ಮ ಸಾಗವಾನಿಗಿಂತ ಹಟಮಾರಿ. ಉಜ್ಜಿದೆವು, ಮಟ್ಟ ನೋಡಿದೆವು, ಮತ್ತೆ ಉಜ್ಜಿದೆವು. ಬೆರಳು ಆಡಿಸಿದರೆ ಮರ ಎಲ್ಲಿ ಮುಗಿಯಿತು, ಲೋಹ ಎಲ್ಲಿ ಸುರುವಾಯಿತು ಅಂತ ತಿಳಿಯಬಾರದು. ತಿಳಿಯಲಿಲ್ಲ. ಆದರೆ ಬೂದು ಸತುವಿನಲ್ಲಿ ಬೆಳ್ಳಿ ಎಲೆಗಳು ಕಾಣಿಸುತ್ತಲೇ ಇರಲಿಲ್ಲ. ಕಪ್ಪು ಬೇಕು. ಮುಂದಿನ ಶನಿವಾರಕ್ಕೆ ಒಂದೇ ವಾರ ಉಳಿದಿತ್ತು.

ಚರ್ಚು ಮತ್ತು ಕೊಟ್ಟಿಗೆ

ಮೆಗ್ ಒಂದು ಶೀಶೆ ತಂದಳು. ಉಕ್ಕಿಗೆ ಬಣ್ಣ ಏರಿಸುವ ರಸಾಯನ. ನಾನು ತಂದಿದ್ದ ಒಂದು ಮಾದರಿ ಬಿಲ್ಲೆಗೆ ಹಚ್ಚಿ ನೋಡಿದೆವು. ಸತುವೂ ಕಪ್ಪಾಯಿತು, ಬೆಳ್ಳಿಯೂ ಕಪ್ಪಾಯಿತು.

"ಬೆಳ್ಳಿ ತಿಕ್ಕಿದರ ಆಗೂದಿಲ್ಲೇನು?" ಅಂದಳು.

"ಆಗ್ತದ. ಆದ್ರ ಅದು ಬಿದ್ರಿ ಆಗೂದಿಲ್ಲ. ನಾ ಅದನ್ನ ಮಾಡೂದಿಲ್ಲ, ತಂಗೀ."

ನವಸಾಗರದ ಚಿಂತೆ ಇರಲಿಲ್ಲ. ಬೆಸುಗೆ ಹಾಕುವ ಕಬ್ಬಿಣದ ತುದಿ ಉಜ್ಜಲು ಹಾರ್ಲನ್ ಅದರ ಗಟ್ಟಿಯನ್ನೇ ಇಟ್ಟುಕೊಂಡಿದ್ದ. ಮಣ್ಣಿಗಾಗಿ ಹೊರಟೆ. ಕಾರ್ಖಾನೆಯ ನೆಲಮಾಳಿಗೆಯದು ನಾಲಗೆಗಿಟ್ಟೆ, ಸಪ್ಪೆ. ಸೇತುವೆಯ ಕೆಳಗಿನದು ಕೊಳೆ ನೀರಿನ ರುಚಿ. ರವಿವಾರ ಅವರ ಮೆಥೊಡಿಸ್ಟ್ ಚರ್ಚಿಗೆ ಹೋದೆ. ನಾನೂ ಬೀದರಿನ ಮೆಥೊಡಿಸ್ಟ್ ಮನೆತನದವನೇ. ಅಲ್ಲಿ ಹಾಡಿದ ಒಂದು ಗೀತೆಯ ರಾಗ ನನಗೆ ಬಾಯಿಪಾಠ. ಅವರು ಇಂಗ್ಲಿಷಿನಲ್ಲಿ ಹಾಡಿದರು, ನಾನು ಕನ್ನಡದಲ್ಲಿ ಹಾಡಿದೆ, ಇಬ್ಬರದೂ ಒಂದೇ ಕಡೆ ಮುಗಿಯಿತು. ನಮ್ಮಲ್ಲಿ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅರ್ಧ ಊರಿನ ಸುದ್ದಿ ಆಗುತ್ತದೆ. ಅವರು ಕಾಗದದ ಲೋಟದಲ್ಲಿ ಕಾಫಿ ಕುಡಿದು ಹವಾಮಾನದ ಮಾತಾಡಿ ಮನೆಗೆ ಹೋಗುತ್ತಾರೆ.

ಪಾದ್ರಿಯವರ ಕೈ ಕುಲುಕಿ, "ನಿಮ್ಮ ಚರ್ಚಿನ ಬುಡದ ಮಣ್ಣು ತಿನ್ನಬಹುದಾ?" ಅಂತ ಕೇಳಿದೆ. ಅವರು ಮೆಗ್‌ಳ ಮುಖ ನೋಡಿದರು. ಆಕೆ ವಿವರಿಸಿದ ಮೇಲೆ ನಕ್ಕು, ತಾವೇ ಬ್ಯಾಟರಿ ಹಿಡಿದು ನೆಲಹಲಗೆಯ ಕೆಳಗೆ ದಾರಿ ತೋರಿಸಿದರು. ಹೊಟ್ಟೆಯ ಮೇಲೆ ತೆವಳಿ ಹೋದೆ. ಆ ಮಣ್ಣೂ ಸಪ್ಪೆ. ರವಿವಾರದ ಒಳ್ಳೆ ಅಂಗಿ ಹಾಳಾದದ್ದಷ್ಟೇ ಲಾಭ.

ಮರುದಿನ ಹಾರ್ಲನ್, "ನಿನಗ ಬೇಕಾದ ಮಣ್ಣು ಹ್ಯಾಂಗ ಇರ್ತದ? ಸರಿಯಾಗಿ ಹೇಳು," ಅಂತ ಕೂಗಿದ.

"ಬಿಸಿಲು ಕಾಣಬಾರದು, ಮಳಿ ಬೀಳಬಾರದು. ನಾಲಗಿ ಮ್ಯಾಲ ಇಟ್ಟರ ಚುರುಕ್ ಅನ್ನಬೇಕು, ಉಪ್ಪಿನಂಗ, ಆದ್ರ ತಣ್ಣಗ."

ಅವನು ಕೈಯಲ್ಲಿದ್ದ ಉಜ್ಜುವ ಕಾನಸು ಕೆಳಗಿಟ್ಟ. "ನಮ್ಮಜ್ಜಿ ಹೇಳ್ತಿದ್ದಳು. ಹಿಂದಿನ ಕಾಲದಾಗ ಮದ್ದಿಗಿ ಬೇಕಾದ ಸೋರುಪ್ಪು ಕುದರಿ ಕೊಟ್ಟಿಗಿಯ ನೆಲಾ ಕೆರೆದು ತೆಗೀತಿದ್ದರಂತ."

ಇಬ್ಬರೂ ಗಾಡಿ ಹತ್ತಿದೆವು. ಅವನ ಗೆಳೆಯನ ಹೊಲದಲ್ಲಿ ಕುದುರೆಗಳಿಲ್ಲದ ಒಂದು ಹಳೇ ಕೊಟ್ಟಿಗೆ ಇತ್ತು. ಹಲಗೆ ಎಬ್ಬಿಸಿ ಬೆರಳದ್ದಿ ಮಣ್ಣನ್ನು ನಾಲಗೆಗೆ ಮುಟ್ಟಿಸಿದೆ. ಚುರುಕ್ ಅಂದಿತು. ಹಾರ್ಲನ್ ನನ್ನ ಮುಖ ನೋಡಿ ತಾನೂ ಒಂದು ಚಿಟಿಕೆ ಬಾಯಿಗೆ ಹಾಕಿ ಥೂ ಅಂತ ಉಗುಳಿದ. "ಬಾಯಾಗ ಮದ್ದು ಹೋದಾಗ ಹಿಂಗೇ ಆಗ್ತದ!" ಕೊಟ್ಟಿಗೆಯ ಮಾಲೀಕ ಬಾಗಿಲಲ್ಲಿ ನಿಂತು ಮಣ್ಣು ತಿನ್ನುವ ಇಬ್ಬರು ಗಂಡಸರನ್ನು ನೋಡಿ ಏನೂ ಕೇಳದೆ ಹೊರಟುಹೋದ. ಆ ದೇಶದವರು ಇನ್ನೊಬ್ಬರ ವ್ಯವಹಾರದಲ್ಲಿ ಮೂಗು ತೂರಿಸುವುದಿಲ್ಲ. ಔರಾದಿನಲ್ಲಾಗಿದ್ದರೆ ಅಷ್ಟೊತ್ತಿಗೆ ಸುತ್ತ ಜನ ನೆರೆದು, ನಿಧಿ ಸಿಕ್ಕಿತಾ ಅಂತ ಕೇಳುತ್ತಿದ್ದರು.

ಮಣ್ಣು ಹಸಿಯಾಗಿತ್ತು. ಅವಸರಕ್ಕೆ ಒಲೆಯ ಮೇಲೆ ಹುರಿದು ಒಣಗಿಸಿ, ನವಸಾಗರದ ಜೊತೆ ಕುದಿಸಿ, ಉಳಿದ ಬಿಲ್ಲೆಗಳಲ್ಲಿ ಒಂದನ್ನು ಅದ್ದಿದೆ. ಬೂದಿ ಬಣ್ಣ ಬಂತು. ಮತ್ತೆ ಅದ್ದಿದೆ. ಅದೇ ಬೂದಿ. ಬೀದರಿಗೆ ಫೋನು ಹಚ್ಚಿದೆ. ಉಸ್ತಾದರಿಗೆ ಈಗ ಕಣ್ಣು ಮಂಜು, ನಾಲಗೆ ಮಾತ್ರ ಮೊದಲಿನ ಹಾಗೆ ಹರಿತ.

"ಮಣ್ಣು ಹ್ಯಾಂಗ ಒಣಗಿಸಿದಿ?"

"ಒಲಿ ಮ್ಯಾಲ, ಉಸ್ತಾದ್."

"ಅರೆ ಬೇವಕೂಫ್! ಜಿಂದಗೀಭರ್ ಬಿಸಲು ನೋಡದ ಮಣ್ಣಿಗಿ ಬೆಂಕಿ ತೋರಿಸಿದಿ? ಅಮೇರಿಕಾಕ್ಕ ಹೋಗಿ ಅಕಲ್ ಇಲ್ಲೇ ಬಿಟ್ಟು ಹೋದಿ ಏನು? ನೆರಳಿನಾಗ ಹರವು. ಗಾಳಿ ಸಾಕು."

"ಟೈಮ್ ಇಲ್ಲ, ಉಸ್ತಾದ್."

"ಟೈಮ್ ಮಣ್ಣಿಗಿ ಕೇಳು. ನನಗ ಕೇಳಬ್ಯಾಡ."

ಹೊಸ ಮಣ್ಣು ತಂದು ಕಾರ್ಖಾನೆಯ ನೆರಳಲ್ಲಿ ಚಾದರದ ಮೇಲೆ ಹರವಿದೆ. ಹೋಗಿ ಹೋಗಿ ಬೆರಳಾಡಿಸುವುದು, ಬರುವುದು. ಹಾರ್ಲನ್ ಒಂದು ಫ್ಯಾನು ತಂದಿಟ್ಟ. ಶುಕ್ರವಾರ ಮಧ್ಯಾಹ್ನ ಅದು ಬೆರಳ ಸಂದಿಯಿಂದ ಹಿಟ್ಟಿನ ಹಾಗೆ ಉದುರಿತು. ಕೊನೆಯ ಬಿಲ್ಲೆ ಅದ್ದಿದೆ, ಕಪ್ಪು ಹಿಡಿಯಿತು. ಇನ್ನು ಉಳಿದದ್ದು ಮುಚ್ಚಳ. ಅದನ್ನು ಬಂದೂಕಿನಿಂದ ಬಿಚ್ಚಿ, ಕುದಿಯುವ ಮಣ್ಣಿನ ನೀರಿಗೆ ಬಿಟ್ಟು, ತೆಗೆದು, ಎಣ್ಣೆ ಹಚ್ಚಿ ಒರೆಸಿದೆ. ಕಪ್ಪಿನ ಒಳಗಿಂದ ಬೆಳ್ಳಿ ಎಲೆಗಳು ಎದ್ದು ಬಂದವು.

ಮೆಗ್ ಅತ್ತಳು. ನಾನು ಅದನ್ನು ಕಿಟಕಿಗೆ ಹಿಡಿದು ನೋಡಿದೆ. ನಮ್ಮ ಕೋಟೆಯ ಕಪ್ಪಿನಷ್ಟು ಆಳ ಇರಲಿಲ್ಲ, ಒಂದು ಎಳೆ ನೀಲಿ ಇತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. "ಯಾರರೆ ಕೇಳಿದ್ರ ಕೈ ಬೀದರಂದು, ಮಣ್ಣು ಇಲ್ಲಿದು ಅಂತ ಹೇಳ್ರಿ," ಅಂದೆ.

ಅಂಗಳ

ಶನಿವಾರ ಹಳೇ ಕೆಲಸಗಾರರು ಮಡಚುವ ಕುರ್ಚಿಗಳನ್ನು ತಾವೇ ಹೊತ್ತು ಬಂದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಅಡಿಗೆಯ ಪಾತ್ರೆ. ಡಬ್ಬಿ ಹಂಚಿಕೊಳ್ಳದ ಇವರು ಪಾತ್ರೆಗಟ್ಟಲೆ ಹಂಚಿಕೊಳ್ಳುವುದನ್ನು ನೋಡಿ, ಇವರ ಬಗ್ಗೆ ನಾನು ಅವಸರ ಮಾಡಿದೆ ಅನ್ನಿಸಿತು. ಹಾರ್ಲನ್ ಮದ್ದು ಸುರಿದು, ಗುಂಡು ಠಾಸಿ, ಗುಡ್ಡದ ದಿಬ್ಬಕ್ಕೆ ಹೊಡೆದ. ಢಂ! ಬಿಳಿ ಹೊಗೆ ಅಂಗಳ ತುಂಬಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟುತ್ತಲೇ ರಸ್ತೆಯ ಆಚೆ ನೋಡಿದರು. ಎಡ್ನಾ ಕುರ್ಚಿಯಲ್ಲೇ ಇದ್ದಳು.

"ಬರೂದಿಲ್ಲ," ಅಂದ ಹಾರ್ಲನ್. ಅವನು ಮೆಲ್ಲಗೆ ಮಾತಾಡಿದ್ದನ್ನು ಅವತ್ತೇ ಕೇಳಿದ್ದು.

"ನೀವು ಕರದೀರೇನು?" ಅಂದೆ.

"ಗೇಟಿಗೆ ದೊಡ್ಡ ಬೋರ್ಡ್ ಹಾಕೀವಿ. ಆಕಿಗಿ ಜಗಲಿಯಿಂದಲೇ ಕಾಣ್ತದ."

"ಬೋರ್ಡ್ ನೋಡಿ ಮದವಿಗಿ ಯಾರು ಬರ್ತಾರ್ರೀ? ಮನಿಗಿ ಹೋಗಿ ಕರೀಬೇಕು."

"ಇಲ್ಲಿ ಹಂಗ ಯಾರೂ ಹೋಗೂದಿಲ್ಲ. ಹೋದರ ಒತ್ತಾಯ ಮಾಡಿದಂಗ ಆಗ್ತದ."

ಭಾಲ್ಕಿಯಲ್ಲಿ ಸುಲೋಚನಾಳ ದೊಡ್ಡಪ್ಪನೊಬ್ಬ, ಕಾರ್ಡು ಕೊಟ್ಟು ಬಾಯಿ ಮಾತಿನಲ್ಲಿ ಕರೆಯಲಿಲ್ಲ ಅಂತ ನಮ್ಮ ಮದುವೆಗೇ ಬರಲಿಲ್ಲ. ಪಕ್ಕದ ಮನೆಯಲ್ಲೇ ಕುಳಿತು ಬ್ಯಾಂಡಿನ ಸದ್ದು ಕೇಳಿದ. ಎಡ್ನಾ ಕುಳಿತ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ಮಾಲೀಕರು ಗೇಟಿಗೆ ಕಾಗದ ಅಂಟಿಸಿ ಕಳಿಸಿದರು, ಇವರು ಅದೇ ಗೇಟಿಗೆ ಬೋರ್ಡು ಹಾಕಿ ಕರೆಯುತ್ತಾರೆ ಅಂದರೆ ಯಾವ ಮಾನವಂತರು ಬಂದಾರು?

ಅಂಗಿಯ ಗುಂಡಿ ಹಾಕಿಕೊಂಡು ರಸ್ತೆ ದಾಟಿದೆ. ಜಗುಲಿಯ ಮೆಟ್ಟಿಲ ಕೆಳಗೆ ನಿಂತು ಕೈ ಮುಗಿದೆ.

"ಯಾರು ನೀನು?" ಅಂದಳು.

"ಬಂದೂಕಿನ ಮುಚ್ಚಳಾ ಮಾಡಿದವ್ರಿ. ಇಂಡಿಯಾದಿಂದ ಬಂದೀನಿ. ನಿಮಗ ಕರೀಲಿಕ್ಕಿ ಬಂದೀನಿ."

"ಅವರು ಕಳಿಸಿದರಾ?"

"ಅವರು ಬ್ಯಾಡ ಅಂದರು."

ಆಕೆಯ ಬಾಯಿಯ ಒಂದು ಮೂಲೆ ಅಲುಗಿತು. "ಮೇಪಲ್ ಮರದಾಗ ಲೋಹ ಕೂಡಿಸೂದು ನಿನಗ ಏನು ಗೊತ್ತದ?"

"ನೀವು ಬಂದು ನೋಡಿ ಹೇಳ್ರಿ. ಅಲ್ಲಿ ಹೇಳೋರು ಮತ್ಯಾರೂ ಇಲ್ಲ."

ಬಹಳ ಹೊತ್ತು ನನ್ನ ಕೈಗಳನ್ನೇ ನೋಡಿದಳು. ಉಗುರ ಸಂದಿಯಲ್ಲಿ ಕಪ್ಪು ಹಾಗೇ ಇತ್ತು. ಒಳಗೆ ಹೋಗಿ ಕನ್ನಡಕ ತಂದಳು. ನನ್ನ ತೋಳು ಹಿಡಿಯಲಿಲ್ಲ, ನಾನೂ ಹಿಡಿ ಅನ್ನಲಿಲ್ಲ. ರಸ್ತೆ ದಾಟಿದಳು. ಗೇಟಿನ ಹತ್ತಿರ ಒಂದು ಕ್ಷಣ ನಿಂತಳು, ಆಮೇಲೆ ಒಳಗೆ ಬಂದಳು.

ಹಾರ್ಲನ್ ಎರಡೂ ಕೈಯಿಂದ ಬಂದೂಕು ಕೊಟ್ಟ. ಆಕೆ ನಳಿಗೆ ನೋಡಲಿಲ್ಲ, ಬೆಳ್ಳಿಯನ್ನೂ ನೋಡಲಿಲ್ಲ. ಕಣ್ಣು ಮುಚ್ಚಿ ಮುಚ್ಚಳದ ಸುತ್ತ ಹೆಬ್ಬೆರಳು ಆಡಿಸಿದಳು. ತೆಗೆದಳು, ಹಾಕಿದಳು. ಟಿಕ್. ಮತ್ತೊಮ್ಮೆ ಟಿಕ್.

"ಕೀಲಿನ ಕಡೆ ಸಂದು ಅದ," ಅಂದಳು. "ಕೂದಲಷ್ಟು."

ನನ್ನ ಮೈ ಉರಿದುಹೋಯಿತು. ಸಂದಾ? ಆ ಕೀಲನ್ನು ಕೂಡಿಸಿದ್ದು ಈ ಕೈ. ಗಾಳಿಯೂ ದಾಟುವಂತಿರಲಿಲ್ಲ ಅಲ್ಲಿ. ನನ್ನ ಕೆಲಸಕ್ಕೆ ಇಲ್ಲದ ಹುಳುಕು ತೆಗೆದ ವ್ಯಾಪಾರಿಗಳನ್ನು ಅಂಗಡಿಯಿಂದ ಇಳಿಸಿ ಕಳಿಸಿದವನು ನಾನು. ಬಾಯಿ ತೆರೆದೆ.

ಆಗ ಆಕೆಯ ಹೆಬ್ಬೆರಳು ಕಂಡಿತು. ಅದು ಇನ್ನೂ ಆ ಕೀಲಿನ ಮೇಲೆಯೇ ಇತ್ತು, ಬಿಡಲು ಮನಸ್ಸಿಲ್ಲದ ಹಾಗೆ. ಕಣ್ಣು ಮಾತ್ರ ನನ್ನ ಮುಖದ ಮೇಲೆ. ಮತ್ತೆ ಬರಲು ಆಕೆಗೊಂದು ಕೆಲಸದ ನೆಪ ಬೇಕಿತ್ತು.

"ಹೌದ್ರಿ," ಅಂದೆ. "ಅದ. ನನಗ ಅದು ಸರಿ ಮಾಡ್ಲಿಕ್ಕಿ ಬರಲಿಲ್ಲ."

"ಗೊತ್ತಾಯ್ತು ನನಗ," ಅಂದಳು ಎಡ್ನಾ. ಬಂದೂಕನ್ನು ವಾಪಸು ಕೊಡಲಿಲ್ಲ. ಕಂಕುಳಲ್ಲಿ ಇಟ್ಟುಕೊಂಡು ಹಾರ್ಲನ್‌ನತ್ತ ತಿರುಗಿ, ಅವನ ಕಿವಿಗೆ ಕೇಳಿಸುವಷ್ಟು ಜೋರಾಗಿ ಕೂಗಿದಳು. "ಕಿಟಕಿ ಹತ್ತಿರದ ನನ್ನ ಬೆಂಚಿನ ಮ್ಯಾಲ ಏನರೆ ಹೇರಿದ್ರ ತೆಗೀರಿ. ಸೋಮವಾರ ಬರ್ತೇನಿ."

ಅವನು ಒಳಗೆ ಓಡಿದ. ಆ ವಯಸ್ಸಿನ ಮನುಷ್ಯ ಅಷ್ಟು ಜೋರಾಗಿ ಓಡುವುದನ್ನು ನಾನು ಅದೇ ಮೊದಲು ನೋಡಿದ್ದು. ಒಳಗಿನಿಂದ ಬೆಂಚಿನ ಮೇಲಿನ ಸಾಮಾನು ದಡದಡ ನೆಲಕ್ಕೆ ಬೀಳುವ ಸದ್ದು ಅಂಗಳದವರೆಗೂ ಕೇಳಿಸಿತು.